ಕೇಳಿದವರಿಗೆಲ್ಲ ಹೂಂ ಎನ್ನುವ ಕರ್ನೆಲ್

ರೆಡಿಸ್ ಎಂಬ ಡೇಟಾಬೇಸನ್ನು ಲಿನಕ್ಸ್ ಯಂತ್ರದ ಮೇಲೆ ಏನೂ ತಿದ್ದದೆ ಶುರು ಮಾಡಿದರೆ ಅದು ಮೊದಲು ಮಾಡುವ ಕೆಲಸಗಳಲ್ಲಿ ಒಂದು, ದೂರು ಹೇಳುವುದು. ಲಿನಕ್ಸ್‌ನ ತಿರುಳಾದ ಕರ್ನೆಲ್‌ನ ‘ಓವರ್‌ಕಮಿಟ್ ಮೆಮೊರಿ’ ಎಂಬ ಸೆಟ್ಟಿಂಗನ್ನು 1ಕ್ಕೆ ಇಡಿ ಎಂದು ಅದು ಲಾಗ್‌ನಲ್ಲಿ ಎಚ್ಚರಿಕೆ ಬರೆಯುತ್ತದೆ. ಅದೇ ಯಂತ್ರದಲ್ಲಿ ಪೋಸ್ಟ್‌ಗ್ರೆಸ್ ಡೇಟಾಬೇಸನ್ನೂ ಹಾಕಿ ಅದರ ಕೈಪಿಡಿ ತೆರೆದರೆ, ಅದೇ ಸೆಟ್ಟಿಂಗನ್ನು 2ಕ್ಕೆ ಇಡುವುದು ಕ್ಷೇಮ ಎಂಬ ಸಲಹೆ ಸಿಗುತ್ತದೆ. ಕರ್ನೆಲ್ ಬರೆದವರು ಕೊಟ್ಟು ಕಳಿಸುವುದು 0. ಇರುವುದೇ ಮೂರು ಆಯ್ಕೆ. ಮೂರಕ್ಕೂ ವಕಾಲತ್ತು ವಹಿಸುವವರಿದ್ದಾರೆ, ಮೂವರೂ ತಮ್ಮ ಕೆಲಸ ಚೆನ್ನಾಗಿ ಬಲ್ಲವರೇ.

ಲಿನಕ್ಸ್ ಕರ್ನೆಲ್‌ನ ಮೆಮೊರಿ ವಿಭಾಗದಲ್ಲಿ ಇಂಥ ಸಂಖ್ಯೆಗಳು ಹತ್ತಾರು ಇವೆ. ಕೆಲವನ್ನು ಕರ್ನೆಲ್ ಕಂಪೈಲ್ ಮಾಡುವಾಗಲೇ ನಿರ್ಧರಿಸಬೇಕು, ಕೆಲವನ್ನು ಯಂತ್ರ ಓಡುತ್ತಿರುವಾಗಲೂ ತಿರುಗಿಸಬಹುದು. ಬಹುತೇಕ ಯಂತ್ರಗಳಲ್ಲಿ ಯಾರೂ ಅವನ್ನು ಮುಟ್ಟುವುದಿಲ್ಲ. ಹಾಗಾಗಿ ಈ ಸಂಖ್ಯೆಗಳನ್ನು ಬರೆದವರು ತಮಗೆ ಗೊತ್ತಿಲ್ಲದ ಕೋಟಿಗಟ್ಟಲೆ ಯಂತ್ರಗಳ ಪರವಾಗಿ, ಬಂದೇ ಬರುವ ಕೊರತೆಯ ಹೊತ್ತಿನಲ್ಲಿ ಯಾರಿಗೆ ಕೊಡಬೇಕು, ಯಾರನ್ನು ಬಲಿ ಹಾಕಬೇಕು ಎಂಬ ತೀರ್ಪನ್ನು ಮೊದಲೇ ಬರೆದಿಟ್ಟಿದ್ದಾರೆ. ಮೂವತ್ತು ವರ್ಷಗಳಲ್ಲಿ ಹಲವು ಕೈಗಳು ಸೇರಿ ಬರೆದ ಈ ತೀರ್ಪುಗಳನ್ನು ಒಂದು ಕೃತಿಯಂತೆ ಓದಿ ಬೆಲೆ ಕಟ್ಟಬಹುದು. ಕೃತಿಯಲ್ಲಿ ಒಳ್ಳೆಯ ಅಧ್ಯಾಯಗಳಿವೆ. ಯಾಕೆ ಬರೆದರೆಂದು ಮರೆತೇ ಹೋದ ಅಧ್ಯಾಯಗಳೂ ಇವೆ.

ಮೊದಲ ತೀರ್ಪಿನಿಂದಲೇ ಶುರು ಮಾಡೋಣ. ಒಂದು ಪ್ರೋಗ್ರಾಂ ಒಂದು ಜಿಬಿ ಮೆಮೊರಿ ಕೇಳಿದಾಗ ಲಿನಕ್ಸ್ ಒಂದು ಜಿಬಿ ಎತ್ತಿಡುವುದಿಲ್ಲ. ಆಯಿತು ಎಂದು ವಿಳಾಸಗಳನ್ನಷ್ಟೇ ಬರೆದುಕೊಡುತ್ತದೆ. ಪ್ರೋಗ್ರಾಂ ಆ ಜಾಗದಲ್ಲಿ ಮೊದಲ ಬಾರಿ ಏನಾದರೂ ಬರೆದಾಗ ಮಾತ್ರ, 4 ಕೆಬಿಯ ಒಂದೊಂದು ಪುಟದ ಲೆಕ್ಕದಲ್ಲಿ, ನಿಜವಾದ ರ್‍ಯಾಮ್ ಸೇರಿಕೊಳ್ಳುತ್ತದೆ. ಮದುವೆಗೆ ಸಾವಿರ ಜನರನ್ನು ಕರೆದು ಏಳುನೂರು ಎಲೆಗೆ ಅಡುಗೆ ಮಾಡಿಸುವ ಲೆಕ್ಕವಿದು. ಕರೆದವರೆಲ್ಲ ಬರುವುದಿಲ್ಲ, ಬಂದವರೆಲ್ಲ ಒಂದೇ ಪಂಕ್ತಿಗೆ ಕೂರುವುದಿಲ್ಲ.

ಈ ಧೈರ್ಯಕ್ಕೆ ಗಟ್ಟಿ ಕಾರಣವಿದೆ. ಯುನಿಕ್ಸ್ ಪರಂಪರೆಯಲ್ಲಿ ಹೊಸ ಪ್ರೊಸೆಸ್ ಹುಟ್ಟುವುದು ಫೋರ್ಕ್ ಎಂಬ ಕ್ರಿಯೆಯಿಂದ. ಇದ್ದ ಪ್ರೊಸೆಸ್ ತನ್ನನ್ನೇ ನಕಲು ಮಾಡಿಕೊಳ್ಳುತ್ತದೆ. 10 ಜಿಬಿ ಬಳಸುತ್ತಿರುವ ರೆಡಿಸ್ ತನ್ನ ದತ್ತಾಂಶವನ್ನು ಡಿಸ್ಕಿಗೆ ಉಳಿಸಲು ಫೋರ್ಕ್ ಆದಾಗ, ಕಾಗದದ ಲೆಕ್ಕದಲ್ಲಿ ಇನ್ನೊಂದು 10 ಜಿಬಿ ಬೇಕು. ನಿಜದಲ್ಲಿ ಎರಡೂ ಪ್ರೊಸೆಸ್‌ಗಳು ಅವವೇ ಪುಟಗಳನ್ನು ಹಂಚಿಕೊಂಡಿರುತ್ತವೆ. ಯಾವುದಾದರೂ ಪುಟ ಬದಲಾದಾಗಷ್ಟೇ ಅದರ ಪ್ರತಿ ತೆಗೆಯಲಾಗುತ್ತದೆ. ಕಾಗದದ ಲೆಕ್ಕವನ್ನೇ ಕಟ್ಟುನಿಟ್ಟಾಗಿ ನೋಡಿದರೆ 16 ಜಿಬಿ ಯಂತ್ರದಲ್ಲಿ ಈ ಫೋರ್ಕ್ ಸೋಲಬೇಕು. ರೆಡಿಸ್ 1 ಬೇಕು ಎನ್ನುವುದು ಇದಕ್ಕೇ: ಏನು ಕೇಳಿದರೂ ಕೊಡು, ಲೆಕ್ಕ ಹಾಕಲೇಬೇಡ. ಇನ್ನು ಕೆಲವು ಪ್ರೋಗ್ರಾಂಗಳಂತೂ ವಿಳಾಸದ ಜಾಗವನ್ನು ಬಯಲಿನಂತೆ ಬಳಸುತ್ತವೆ. ಸಿ ಭಾಷೆಯ ಪ್ರೋಗ್ರಾಂಗಳಲ್ಲಿ ಮೆಮೊರಿ ದೋಷ ಹುಡುಕುವ ಅಡ್ರೆಸ್ ಸ್ಯಾನಿಟೈಸರ್ ಹತ್ತಕ್ಕೂ ಹೆಚ್ಚು ಟೆರಾಬೈಟ್ ಕಾಯ್ದಿರಿಸಿ, ಅದರಲ್ಲಿ ಲವಲೇಶವನ್ನಷ್ಟೇ ಮುಟ್ಟುತ್ತದೆ.

ವಿಂಡೋಸ್ ಈ ವಿಷಯದಲ್ಲಿ ಬೇರೆ ದಾರಿ ಹಿಡಿದಿದೆ. ಅಲ್ಲಿ ವಿಳಾಸ ಕಾಯ್ದಿರಿಸುವುದು ಒಂದು ಹೆಜ್ಜೆ, ಮೆಮೊರಿಗೆ ಬದ್ಧವಾಗುವುದು ಇನ್ನೊಂದು ಹೆಜ್ಜೆ. ಎರಡನೆಯದು ರ್‍ಯಾಮ್ ಮತ್ತು ಪೇಜ್‌ಫೈಲ್ ಸೇರಿದ ಮಿತಿಯೊಳಗೇ ಇರಬೇಕು. ಮೀರಿದರೆ ಕೇಳಿದ ಗಳಿಗೆಯಲ್ಲೇ ಇಲ್ಲ ಎಂಬ ಉತ್ತರ. ಯಾರು ಕೇಳಿದರೋ ಅವರಿಗೇ ಸೋಲು ತಲುಪುತ್ತದೆ ಎಂಬ ದೃಷ್ಟಿಯಿಂದ ಇದು ಪ್ರಾಮಾಣಿಕ ಪದ್ಧತಿ. ಬೆಲೆಯೂ ಇದೆ: ಯಾರೂ ಮುಟ್ಟದ ಜಾಗಕ್ಕೂ ಮೀಸಲು ಇಡಬೇಕು. ಫೋರ್ಕ್ ಇಲ್ಲದ ಲೋಕದಲ್ಲಿ ಈ ಬೆಲೆ ತೆರಬಹುದು. ಫೋರ್ಕ್ ಅನ್ನು ಬೆನ್ನಿಗೆ ಕಟ್ಟಿಕೊಂಡು ಬಂದ ಲಿನಕ್ಸ್‌ಗೆ ಅದು ದುಬಾರಿ. ಆದ್ದರಿಂದ ಕಟ್ಟುನಿಟ್ಟಿನ ಲೆಕ್ಕವನ್ನು ಡಿಫಾಲ್ಟ್ ಮಾಡದಿದ್ದುದು ಸರಿಯಾದ ತೀರ್ಮಾನವೆಂದೇ ನನ್ನ ಮತ.

ಹಾಗಾದರೆ 0 ಎಂದರೇನು? ಕರ್ನೆಲ್ ದಾಖಲೆಯ ಪ್ರಕಾರ ಇದು ಊಹೆಯ ಕ್ರಮ. ಕಣ್ಣಿಗೆ ರಾಚುವಂಥ ಅತಿಯಾಸೆಯನ್ನಷ್ಟೇ ತಿರಸ್ಕರಿಸುತ್ತದೆ. ಮೊದಲು ಈ ಊಹೆಯ ಹಿಂದೆ ಒಂದಿಷ್ಟು ಎಣಿಕೆ ಇತ್ತು: ಈಗ ಖಾಲಿ ಎಷ್ಟಿದೆ, ಖಾಲಿ ಮಾಡಿಸಬಹುದಾದ್ದು ಎಷ್ಟು ಎಂದು ಕೂಡಿಸಿ ನೋಡುತ್ತಿತ್ತು. ಆ ಎಣಿಕೆ ಸುಮ್ಮಸುಮ್ಮನೆ ಬೇಡ ಎನ್ನುತ್ತಿದ್ದುದರಿಂದ 2019ರಲ್ಲಿ ಅದನ್ನು ಕಿತ್ತು ಹಾಕಿದರು. ಈಗ ಉಳಿದಿರುವ ನಿಯಮ ಒಂದೇ ಸಾಲಿನದು: ಒಂದು ಕೋರಿಕೆ ಯಂತ್ರದ ಒಟ್ಟು ರ್‍ಯಾಮ್ ಮತ್ತು ಸ್ವಾಪ್‌ಗಿಂತ ದೊಡ್ಡದಾಗಿದ್ದರೆ ಇಲ್ಲ, ಉಳಿದದ್ದಕ್ಕೆಲ್ಲ ಹೂಂ. ಸ್ವಾಪ್ ಎಂದರೆ ರ್‍ಯಾಮ್ ಸಾಲದಾದಾಗ ಪುಟಗಳನ್ನು ಇಳಿಸಿಡುವ ಜಾಗ, ಸಾಮಾನ್ಯವಾಗಿ ಡಿಸ್ಕಿನಲ್ಲಿ. ಸ್ವಾಪ್ ಇಲ್ಲದ 16 ಜಿಬಿ ಯಂತ್ರದಲ್ಲಿ ಒಮ್ಮೆಗೆ 17 ಜಿಬಿ ಕೇಳಿದರೆ ಸಿಗುವುದಿಲ್ಲ. 15 ಜಿಬಿಯಂತೆ ಎರಡು ಸಲ ಕೇಳಿದರೆ ಎರಡೂ ಸಲ ಸಿಗುತ್ತದೆ! ಇದನ್ನು ಊಹೆ ಎನ್ನುವುದಕ್ಕಿಂತ ಶಿಷ್ಟಾಚಾರ ಎನ್ನಬಹುದು. ನಿಯಮ ಸರಳವಾದದ್ದು ಒಳ್ಳೆಯದೇ. ಆದರೆ 0ಗೂ 1ಕ್ಕೂ ನಡುವಿನ ಅಂತರ ಈಗ ಕೂದಲೆಳೆಯಷ್ಟು ಎಂಬುದು ಸರ್ವರ್ ನೋಡಿಕೊಳ್ಳುವ ಎಷ್ಟೋ ಮಂದಿಗೆ ತಲುಪಿಲ್ಲ. ಹಳೆಯ ಎಣಿಕೆಗೆ ಹೆದರಿ ಬರೆದ ಸಲಹೆಗಳು ಇನ್ನೂ ಚಲಾವಣೆಯಲ್ಲಿವೆ.

ನನ್ನ ತಕರಾರು ಇರುವುದು 2ರ ಬಗ್ಗೆ, ಅಥವಾ 2ರೊಳಗೆ ಅವಿತಿರುವ ಇನ್ನೊಂದು ಡಿಫಾಲ್ಟ್ ಬಗ್ಗೆ. ಈ ಕ್ರಮದಲ್ಲಿ ಕರ್ನೆಲ್ ಎಲ್ಲರಿಗೂ ಕೊಟ್ಟ ಮಾತಿನ ಮೊತ್ತಕ್ಕೆ ಒಂದು ಗಡಿ ಹಾಕುತ್ತದೆ. ಗಡಿ ಎಂದರೆ ಪೂರ್ತಿ ಸ್ವಾಪ್, ಜೊತೆಗೆ ರ್‍ಯಾಮ್‌ನ ಇಂತಿಷ್ಟು ಪಾಲು. ಆ ಪಾಲಿನ ಡಿಫಾಲ್ಟ್ ಶೇಕಡಾ 50. ರ್‍ಯಾಮ್‌ನ ಎರಡರಷ್ಟು ಸ್ವಾಪ್ ಇಡಿ ಎಂದು ಎಲ್ಲರೂ ಹೇಳುತ್ತಿದ್ದ ಕಾಲದಲ್ಲಿ ಇದರಿಂದ ತೊಂದರೆ ಇರಲಿಲ್ಲ. ಇಂದಿನ ಸರ್ವರ್‌ಗಳಲ್ಲಿ, ಕ್ಲೌಡ್‌ನಲ್ಲಿ ಬಾಡಿಗೆಗೆ ಸಿಗುವ ಯಂತ್ರಗಳಲ್ಲಿ, ಎಷ್ಟೋ ಕಡೆ ಸ್ವಾಪ್ ಇರುವುದೇ ಇಲ್ಲ. ಅಂಥ 16 ಜಿಬಿ ಯಂತ್ರದಲ್ಲಿ 2 ಒತ್ತಿದ ಕೂಡಲೇ ಗಡಿ 8 ಜಿಬಿಗೆ ಇಳಿಯುತ್ತದೆ. ಅರ್ಧ ಯಂತ್ರ ಖಾಲಿ ಬಿದ್ದಿರುವಾಗ ಪ್ರೋಗ್ರಾಂಗಳು ಮೆಮೊರಿ ಇಲ್ಲ ಎಂದು ಸಾಯತೊಡಗುತ್ತವೆ. ಪ್ರಯೋಗಕ್ಕೆಂದು ಒಮ್ಮೆ ಹಾಕಿ ನೋಡಿದವರು ‘ಇದು ಕೆಲಸಕ್ಕೆ ಬಾರದ್ದು’ ಎಂದು ಮತ್ತೆ 0ಗೆ ಮರಳುತ್ತಾರೆ. ಕೆಟ್ಟಿದ್ದು ಆ ಕ್ರಮವಲ್ಲ, ಅದರ ಜೊತೆ ಬಂದ 50. ಪೋಸ್ಟ್‌ಗ್ರೆಸ್‌ನಂಥ ಡೇಟಾಬೇಸ್ ಒಂದೇ ಇರುವ ಯಂತ್ರದಲ್ಲಿ, ಪಾಲನ್ನು 80ಕ್ಕೋ 90ಕ್ಕೋ ಏರಿಸಿದರೆ, ಮೂರರಲ್ಲಿ ಹೆಚ್ಚು ನಂಬಿಕೆಗೆ ಯೋಗ್ಯವಾದದ್ದು 2. ತನ್ನ ಅತ್ಯಂತ ಶಿಸ್ತಿನ ಆಯ್ಕೆಯನ್ನೇ ಕರ್ನೆಲ್ ಹೀಗೆ ಸೋಲುವಂತೆ ಸಜ್ಜು ಮಾಡಿ ಕಳಿಸಿದೆ.

ಎಲ್ಲರಿಗೂ ಹೂಂ ಎಂದ ಮೇಲೆ ಒಂದು ದಿನ ಎಲ್ಲರೂ ಬಂದೇ ಬರುತ್ತಾರೆ. ಆಗ ಕರೆಸಿಕೊಳ್ಳುವವನು ಓಓಎಂ ಕಿಲ್ಲರ್. ರ್‍ಯಾಮ್ ಮುಗಿಯಿತು, ಬಿಡಿಸಿಕೊಳ್ಳಲು ಏನೂ ಉಳಿದಿಲ್ಲ ಎಂದಾಗ ಕರ್ನೆಲ್ ಒಂದು ಪ್ರೊಸೆಸನ್ನು ಆರಿಸಿ ಕೊಲ್ಲುತ್ತದೆ. 2004ರಲ್ಲಿ ಆಂಡ್ರಿಸ್ ಬ್ರೌವರ್ ಎಂಬ ಕರ್ನೆಲ್ ಬರಹಗಾರ ಇದನ್ನು ಅಣಕಿಸಿ ಬರೆದ ಪುಟ್ಟ ಕಥೆ ಆ ವಲಯದಲ್ಲಿ ಇಂದಿಗೂ ಪ್ರಸಿದ್ಧ. ಅದರಲ್ಲಿ ವಿಮಾನ ಸಂಸ್ಥೆಯೊಂದು ಕಡಿಮೆ ಇಂಧನ ತುಂಬಿ ಹಾರಿದರೆ ಅಗ್ಗವೆಂದು ಕಂಡುಕೊಳ್ಳುತ್ತದೆ. ಇಂಧನ ಸಾಲದಾದಾಗ ಒಬ್ಬ ಪ್ರಯಾಣಿಕನನ್ನು ಹೊರಗೆಸೆಯುವ ಯಂತ್ರ ಮಾಡುತ್ತದೆ. ಆಮೇಲೆ ಎಂಥ ಪ್ರಯಾಣಿಕನನ್ನು ಎಸೆಯಬೇಕು ಎಂಬುದರ ಬಗ್ಗೆ ಗಂಭೀರವಾದ ಸಿದ್ಧಾಂತಗಳು ಹುಟ್ಟುತ್ತವೆ. ಇಪ್ಪತ್ತು ವರ್ಷ ಕಳೆದರೂ ಈ ವ್ಯಂಗ್ಯದ ಮೊನೆ ಮೊಂಡಾಗಿಲ್ಲ. ಆ ಸಿದ್ಧಾಂತಗಳು ಆಮೇಲೂ ಹುಟ್ಟುತ್ತಲೇ ಇವೆ.

ಮೊದಲಿನ ಲೆಕ್ಕಾಚಾರದಲ್ಲಿ ಪ್ರೊಸೆಸ್ ಎಷ್ಟು ಹೊತ್ತಿನಿಂದ ಓಡುತ್ತಿದೆ, ಎಷ್ಟು ಸಿಪಿಯು ಬಳಸಿದೆ ಎಂಬುದೆಲ್ಲ ಸೇರಿತ್ತು. 2010ರಲ್ಲಿ ಅದನ್ನು ಹೊಸದಾಗಿ ಬರೆದು, ಯಾರು ಹೆಚ್ಚು ಮೆಮೊರಿ ತಿಂದಿದ್ದಾರೋ ಅವರಿಗೇ ಹೆಚ್ಚು ಅಂಕ ಎಂಬ ನೇರ ನಿಯಮ ತಂದರು. ಜೊತೆಗೆ ಪ್ರತಿ ಪ್ರೊಸೆಸ್‌ಗೂ -1000ದಿಂದ 1000ದವರೆಗೆ ಒಂದು ತಿದ್ದುಪಡಿ ಅಂಕ. -1000 ಇದ್ದವನನ್ನು ಮುಟ್ಟುವುದಿಲ್ಲ. ದೂರದಿಂದ ಯಂತ್ರದೊಳಗೆ ಬರುವ ಬಾಗಿಲು ಕಾಯುವ ಎಸ್‌ಎಸ್‌ಎಚ್ ಸರ್ವರ್ ತನಗೆ ತಾನೇ -1000 ಬರೆದುಕೊಂಡಿರುತ್ತದೆ, ಅದು ಒಳ್ಳೆಯ ಮುನ್ನೆಚ್ಚರಿಕೆ. ಆದರೆ ಡೇಟಾಬೇಸ್ ಸರ್ವರ್‌ನಲ್ಲಿ ಅತಿ ಹೆಚ್ಚು ಮೆಮೊರಿ ತಿನ್ನುವವನು ಯಾರು? ಡೇಟಾಬೇಸೇ. ಆ ಯಂತ್ರವನ್ನು ಕೊಂಡಿದ್ದೇ ಅವನಿಗಾಗಿ. ಮೂಲೆಯಲ್ಲಿ ಕುಳಿತ ಯಾವುದೋ ಬ್ಯಾಕಪ್ ಸ್ಕ್ರಿಪ್ಟ್ ಕೊನೆಯ ಕೆಲವು ಪುಟಗಳನ್ನು ಮುಟ್ಟುತ್ತದೆ, ತಲೆ ಉರುಳುವುದು ಡೇಟಾಬೇಸ್‌ನದು. ಪೋಸ್ಟ್‌ಗ್ರೆಸ್ ಬಳಗ 2ರ ಪರ ನಿಲ್ಲುವುದು ಇದಕ್ಕೆ. ತಾನು ಕೇಳಿದಾಗ ಇಲ್ಲ ಎನ್ನಿಸಿಕೊಂಡರೆ ಆ ಒಂದು ಕ್ವೆರಿಯನ್ನು ಕೈಬಿಟ್ಟು ಅದು ಬದುಕಬಲ್ಲದು. ಬೇರೆಯವರು ಕೇಳಿದ್ದಕ್ಕೆ ತನ್ನ ಕತ್ತು ಕೊಟ್ಟರೆ ಇದ್ದ ಸಂಪರ್ಕಗಳೆಲ್ಲ ಕಡಿದು, ಲಾಗ್ ಓದಿಕೊಂಡು ಮೊದಲಿನಿಂದ ಚೇತರಿಸಿಕೊಳ್ಳಬೇಕು.

ಸೋಲನ್ನು ಕೇಳಿದವನಿಂದ ಎತ್ತಿ ಕೇಳದವನ ಮೇಲೆ ಹಾಕುವುದು, ಅದೂ ಹಿಂದೆ ಯಾವಾಗಲೋ ಕೇಳಿದ್ದಕ್ಕೆ ಇಂದು: ಈ ಇಡೀ ವ್ಯವಸ್ಥೆಯ ಅತಿ ದೊಡ್ಡ ದೋಷ ಇದು ಎನ್ನುತ್ತೇನೆ. ಉದಾರವಾಗಿ ಕೊಡುವುದು ತಪ್ಪಲ್ಲ. ಉದಾರಿಯ ಮನೆಯಲ್ಲಿ ಯಾರು ಉಪವಾಸ ಬೀಳುತ್ತಾರೆ ಎಂಬುದನ್ನು ಮನೆಯವರು ಮೊದಲೇ ಹೇಳಿಕೊಳ್ಳಲು ಸುಲಭವಾದ ದಾರಿ ಇರಬೇಕಿತ್ತು. ಆ ದಾರಿ ಇದೆ, ಅದೇ ತಿದ್ದುಪಡಿ ಅಂಕ. ಆದರೆ ಎಲ್ಲರ ಅಂಕವೂ 0 ಎಂದು ಶುರುವಾಗುತ್ತದೆ, ಬದಲಿಸಬೇಕೆಂದು ತಿಳಿಯುವುದು ಮೊದಲ ಕೊಲೆಯಾದ ಮೇಲೆ.

ಡೆಸ್ಕ್‌ಟಾಪ್‌ನಲ್ಲಿ ಇದೇ ಕಥೆ ತಲೆಕೆಳಗು. ಅಲ್ಲಿನ ಗೋಳು ಕೊಲ್ಲುತ್ತದೆ ಎಂದಲ್ಲ, ಕೊಲ್ಲುವುದೇ ಇಲ್ಲ ಎಂದು. 4 ಜಿಬಿ ರ್‍ಯಾಮ್‌ನ ಹಳೆಯ ಲ್ಯಾಪ್‌ಟಾಪ್‌ನಲ್ಲಿ ಬ್ರೌಸರ್ ಟ್ಯಾಬ್‌ಗಳನ್ನು ತೆರೆಯುತ್ತಾ ಹೋದರೆ ಒಂದು ಹಂತದಲ್ಲಿ ಮೌಸ್ ಬಾಣವೂ ನಿಲ್ಲುತ್ತದೆ, ಡಿಸ್ಕ್ ದೀಪ ಮಾತ್ರ ಉರಿಯುತ್ತಿರುತ್ತದೆ. ಪ್ರೋಗ್ರಾಂಗಳ ಕೋಡ್ ಇರುವ ಪುಟಗಳನ್ನೇ ಹೊರಗೆಸೆದು, ಮರುಕ್ಷಣ ಅವೇ ಬೇಕಾಗಿ ಡಿಸ್ಕಿನಿಂದ ಮತ್ತೆ ಓದಿ, ಮತ್ತೆ ಎಸೆಯುತ್ತಾ ಕರ್ನೆಲ್ ಗಾಣ ಸುತ್ತುತ್ತಿರುತ್ತದೆ. ಪ್ರತಿ ಸುತ್ತಿನಲ್ಲೂ ಒಂದಿಷ್ಟು ಪುಟ ಸಿಕ್ಕುತ್ತಿರುವುದರಿಂದ ಅದರ ಲೆಕ್ಕದಲ್ಲಿ ಮೆಮೊರಿ ಇನ್ನೂ ಮುಗಿದಿಲ್ಲ! 2018ರ ಕೊನೆಯಲ್ಲಿ ಬಂದ 4.20 ಆವೃತ್ತಿಯಲ್ಲಿ ಒತ್ತಡವನ್ನು ಅಳೆಯುವ ಪಿಎಸ್‌ಐ ಎಂಬ ಮಾಪಕ ಸೇರಿತು. ಎಷ್ಟು ಪುಟ ಖಾಲಿ ಎಂದಲ್ಲದೆ, ಮೆಮೊರಿಗಾಗಿ ಕಾಯುತ್ತಾ ಕೆಲಸಗಳು ಎಷ್ಟು ಹೊತ್ತು ಕಳೆದವು ಎಂದು ಅದು ಹೇಳುತ್ತದೆ. ಕೇಳಬೇಕಾದ ಪ್ರಶ್ನೆ ಅದೇ ಆಗಿತ್ತು. ಆದರೆ ಕರ್ನೆಲ್ ತನ್ನ ಕಿಲ್ಲರ್‌ಗೆ ಆ ಮಾಪಕವನ್ನು ಜೋಡಿಸಲಿಲ್ಲ, ಅಳೆದು ಹೊರಗಿಟ್ಟಿತು, ಅಷ್ಟೆ. ಫೆಡೋರಾ ಎಂಬ ಲಿನಕ್ಸ್ ವಿತರಣೆಯ ಬಳಗ 2020ರಲ್ಲಿ ಅರ್ಲಿಓಓಎಂ ಎಂಬ ಹೊರಗಿನ ಕಾವಲುಗಾರನನ್ನು ತಂದಿತು. ಅದು ಖಾಲಿ ಮೆಮೊರಿಯನ್ನೇ ನೋಡುವಂಥದ್ದು. ಮರುವರ್ಷ ಅದರ ಜಾಗಕ್ಕೆ ಪಿಎಸ್‌ಐ ನೋಡಿ ನಿರ್ಧರಿಸುವ ಸಿಸ್ಟಂಡಿ-ಓಓಎಂಡಿಯನ್ನು ಕೂರಿಸಿತು. ಉಬುಂಟು 22.04 ಅದನ್ನೇ ತಂದಾಗ, ಕೆಲಸ ಮಾಡುತ್ತಿದ್ದ ಬ್ರೌಸರ್ ಇದ್ದಕ್ಕಿದ್ದಂತೆ ಮಾಯವಾಯಿತು ಎಂದು ಬಳಕೆದಾರರು ಗದ್ದಲ ಎಬ್ಬಿಸಿದರು. ತಡಮಾಡಿದರೂ ಬೈಗುಳ, ಮುಂಚೆ ಮಾಡಿದರೂ ಬೈಗುಳ. ಈ ಒಂದು ವಿಷಯದಲ್ಲಿ ಡಿಫಾಲ್ಟ್ ಬರೆಯುವವರ ಬಗ್ಗೆ ಮರುಕ ಪಡಬೇಕು.

ಮರುಕ ಬೇಡದ ಕಡೆಗಳೂ ಇವೆ. ಸ್ವಾಪಿನೆಸ್ ಎಂಬ ಸಂಖ್ಯೆಯನ್ನು ನೋಡಿ. ಡಿಫಾಲ್ಟ್ 60. ಏನಿದು 60? ಮೆಮೊರಿ ಶೇಕಡಾ 60 ತುಂಬಿದಾಗ ಸ್ವಾಪ್ ಶುರುವಾಗುತ್ತದೆ ಎಂದು ನಂಬಿದವರಿದ್ದಾರೆ, 40 ಉಳಿದಾಗ ಎಂದು ವಾದಿಸಿದವರಿದ್ದಾರೆ. ಎರಡೂ ಅಲ್ಲ. ಪ್ರೋಗ್ರಾಂಗಳ ಸ್ವಂತ ಪುಟಗಳನ್ನು ಸ್ವಾಪ್‌ಗೆ ಬರೆದು ಮರಳಿ ತರುವ ಖರ್ಚು, ಫೈಲಿನ ಪುಟಗಳನ್ನು ಬಿಟ್ಟು ಮತ್ತೆ ಓದುವ ಖರ್ಚು, ಇವೆರಡರ ನಡುವಿನ ಅನುಪಾತವನ್ನು ಅದು ಸೂಚಿಸುತ್ತದೆ. 100 ಎಂದರೆ ಎರಡೂ ಸಮ. 60 ಎಂದರೆ ಸ್ವಾಪ್ ದುಬಾರಿ. ತಿರುಗುವ ಡಿಸ್ಕಿನ ಕಾಲದಲ್ಲಿ ಅದು ನಿಜವೂ ಆಗಿತ್ತು. ಈಗ ಫೆಡೋರಾದಂಥ ವಿತರಣೆಗಳಲ್ಲಿ, ಆಂಡ್ರಾಯ್ಡ್ ಫೋನುಗಳಲ್ಲಿ, ಸ್ವಾಪ್ ಇರುವುದು ಝಡ್‌ರ್‍ಯಾಮ್‌ನಲ್ಲಿ, ಎಂದರೆ ರ್‍ಯಾಮ್‌ನೊಳಗೇ ಒತ್ತಿ ಹಿಡಿದ ರೂಪದಲ್ಲಿ. ಡಿಸ್ಕಿಗೆ ಹೋಗಿ ಬರುವುದಕ್ಕಿಂತ ಅದು ಎಷ್ಟೋ ಅಗ್ಗ. ಇದನ್ನು ಹೇಳಲು ಸಂಖ್ಯೆಗೆ ಜಾಗವೇ ಇರಲಿಲ್ಲವಾದ್ದರಿಂದ 2020ರ 5.8 ಆವೃತ್ತಿಯಲ್ಲಿ ಮಿತಿಯನ್ನು 100ರಿಂದ 200ಕ್ಕೆ ಏರಿಸಿದರು. ಅಳತೆಗೋಲನ್ನು ಉದ್ದ ಮಾಡಿದರು, 60 ಮಾತ್ರ 60 ಆಗಿಯೇ ಉಳಿಯಿತು. ಸ್ವಾಪ್ ಎಂಥ ಸಾಧನದ ಮೇಲಿದೆ ಎಂದು ಕರ್ನೆಲ್‌ಗೆ ಗೊತ್ತು. ಗೊತ್ತಿದ್ದೂ ಮನುಷ್ಯನನ್ನು ಒಂದು ಸಂಖ್ಯೆ ಕೇಳುವುದು, ಕೇಳಿದ ಸಂಖ್ಯೆಯ ಅರ್ಥವನ್ನು ಹದಿನೈದು ವರ್ಷ ಸರಿಯಾಗಿ ಬರೆಯದಿರುವುದು ನನಗೆ ಒಪ್ಪಿಗೆಯಾಗದ ಸಂಗತಿ. ಈ ಖಾಲಿ ಜಾಗದಲ್ಲೇ ‘ಎಲ್ಲದಕ್ಕೂ 10 ಹಾಕಿ’ ಎಂಬ ಮನೆಮದ್ದು ಬೆಳೆದದ್ದು.

ಕಾರಣ ಸತ್ತ ಮೇಲೂ ಬದುಕಿದ ಸಂಖ್ಯೆಗಳ ಪೈಕಿ ನನಗೆ ಪ್ರಿಯವಾದದ್ದು 65530. ಒಂದು ಪ್ರೊಸೆಸ್ ತನ್ನ ವಿಳಾಸದ ಜಾಗವನ್ನು ಎಷ್ಟು ತುಂಡುಗಳಾಗಿ ಇಟ್ಟುಕೊಳ್ಳಬಹುದು ಎಂಬುದರ ಮಿತಿಯಿದು. ಇಂಥ ವಿಚಿತ್ರ ಸಂಖ್ಯೆ ಎಲ್ಲಿಂದ ಬಂತು? ಪ್ರೋಗ್ರಾಂ ಕುಸಿದು ಬಿದ್ದಾಗ ಕರ್ನೆಲ್ ಅದರ ಮೆಮೊರಿಯನ್ನು ಕೋರ್ ಫೈಲ್ ಎಂದು ಬರೆದಿಡುತ್ತದೆ. ಆ ಫೈಲಿನ ಇಎಲ್ಎಫ್ ನಮೂನೆಯಲ್ಲಿ ತುಂಡುಗಳ ಎಣಿಕೆಗೆ 16 ಬಿಟ್‌ಗಳಷ್ಟೇ ಜಾಗ, ಗರಿಷ್ಠ 65535. ಕರ್ನೆಲ್ ತನ್ನದೇ ಒಂದೆರಡು ತುಂಡು ಸೇರಿಸಬೇಕಾಗಬಹುದೆಂದು 5 ಕಳೆದರು. ಮೆಮೊರಿ ಎಷ್ಟಿದೆ, ಪ್ರೋಗ್ರಾಂಗೆ ಏನು ಬೇಕು ಎಂಬುದಕ್ಕೂ ಇದಕ್ಕೂ ಏನೇನೂ ಸಂಬಂಧವಿಲ್ಲ. ಸತ್ತವರ ಮಹಜರು ಬರೆಯುವ ಫಾರಂನಲ್ಲಿ ಕಾಲಂ ಚಿಕ್ಕದಿತ್ತು, ಅದಕ್ಕೆ ಬದುಕಿರುವವರ ಮೇಲೆ ಮಿತಿ! ಆ ಫಾರಂನಲ್ಲಿ ದೊಡ್ಡ ಎಣಿಕೆ ಬರೆಯುವ ಉಪಾಯ ಎಂದೋ ಬಂತು, ಸಂಖ್ಯೆ ಕದಲಲಿಲ್ಲ.

ಎಲಾಸ್ಟಿಕ್‌ಸರ್ಚ್ ಎಂಬ ಹುಡುಕಾಟದ ಸಾಫ್ಟ್‌ವೇರ್ 262144 ಇಲ್ಲದಿದ್ದರೆ ಸರ್ವರ್ ಆಗಿ ಏಳುವುದಿಲ್ಲವೆಂದು ವರ್ಷಗಟ್ಟಲೆ ಹಟ ಹಿಡಿಯಿತು. ಅದನ್ನು ಹಾಕಿದವರೆಲ್ಲ ಆ ಒಂದು ಸಾಲನ್ನು ಕುರುಡಾಗಿ ನಕಲು ಮಾಡಿದರು. ಕೊನೆಗೆ ಗೋಡೆ ಅಲುಗಾಡಿಸಿದ್ದು ಡೇಟಾಬೇಸ್‌ಗಳಲ್ಲ, ಆಟಗಳು. ವಿಂಡೋಸ್‌ಗೆಂದು ಬರೆದ ಕೆಲವು ಆಟಗಳು ಲಿನಕ್ಸ್ ಮೇಲೆ ವೈನ್ ಎಂಬ ಸಾಫ್ಟ್‌ವೇರ್ ಮೂಲಕ ಓಡುವಾಗ ಈ ಮಿತಿಗೆ ತಾಗಿ ಬೀಳುತ್ತಿದ್ದವು. 2023ರಲ್ಲಿ ಫೆಡೋರಾ 39, 2024ರಲ್ಲಿ ಉಬುಂಟು 24.04 ಇದನ್ನು 1048576ಕ್ಕೆ ಏರಿಸಿದವು. ಸ್ಟೀಮ್ ಆಟದ ಯಂತ್ರ ಮಾಡುವ ವಾಲ್ವ್ ಕಂಪನಿ ತನ್ನ ವ್ಯವಸ್ಥೆಯಲ್ಲಿ ಇನ್ನೂರು ಕೋಟಿ ದಾಟಿಸಿ ಇಟ್ಟುಕೊಂಡಿದೆ. ಯಾವ ಅನಾಹುತವೂ ಆಗಲಿಲ್ಲ ಎಂಬುದೇ ಹಳೆಯ ಮಿತಿಯ ಮೇಲಿನ ಅತ್ಯಂತ ಕಟು ವಿಮರ್ಶೆ.

ಹಂಚಿಕೊಂಡ ಮೆಮೊರಿಯ ತುಂಡೊಂದರ ಗರಿಷ್ಠ ಗಾತ್ರದ ಕಥೆಯೂ ಇಂಥದ್ದೇ, ಬೇಗ ಹೇಳಿ ಮುಗಿಸುತ್ತೇನೆ. ಅದು ವರ್ಷಗಟ್ಟಲೆ 32 ಎಂಬಿ ಇತ್ತು. ಹತ್ತಾರು ಜಿಬಿಯ ಯಂತ್ರಗಳು ಬಂದ ಮೇಲೂ 32 ಎಂಬಿ. ಡೇಟಾಬೇಸ್ ಹಾಕುವ ಪ್ರತಿಯೊಬ್ಬರೂ ಮೊದಲು ಈ ಸಂಖ್ಯೆ ತಿದ್ದಬೇಕಿತ್ತು. ಬೇಸತ್ತ ಪೋಸ್ಟ್‌ಗ್ರೆಸ್ 2013ರ 9.3 ಆವೃತ್ತಿಯಲ್ಲಿ ಬೇರೆ ವಿಧಾನಕ್ಕೆ ಬದಲಾಯಿಸಿಕೊಂಡು ಈ ಮಿತಿಯನ್ನು ಬಳಸುದಾರಿಯಿಂದ ದಾಟಿತು. ಮರುವರ್ಷ 3.16 ಆವೃತ್ತಿಯಲ್ಲಿ ಕರ್ನೆಲ್ ಮಿತಿಯನ್ನು ಇಲ್ಲವೆನ್ನುವಷ್ಟು ದೊಡ್ಡದು ಮಾಡಿತು. ಬಾಗಿಲು ತೆರೆದಾಗ ಅತಿಥಿ ಕಿಟಕಿಯಿಂದ ಒಳಗೆ ಬಂದು ಕುಳಿತಾಗಿತ್ತು.

ಅದೇ 3.16ರಲ್ಲಿ ಇನ್ನೊಂದು ತಿದ್ದುಪಡಿಯೂ ಆಯಿತು; ಇದು ಆ ಬಳಗದ ಪ್ರಾಮಾಣಿಕತೆಗೆ ಸಾಕ್ಷಿ. ಎರಡು, ನಾಲ್ಕು ಪ್ರೊಸೆಸರ್‌ಗಳಿರುವ ದೊಡ್ಡ ಸರ್ವರ್‌ಗಳಲ್ಲಿ ಪ್ರತಿಯೊಂದಕ್ಕೂ ಹತ್ತಿರದ ರ್‍ಯಾಮ್, ದೂರದ ರ್‍ಯಾಮ್ ಎಂದಿರುತ್ತದೆ. ದೂರದ್ದು ಬಳಸಿದರೆ ನಿಧಾನ. ಆದ್ದರಿಂದ ಅಂಥ ಕೆಲವು ಯಂತ್ರಗಳಲ್ಲಿ, ಹತ್ತಿರದ್ದು ತುಂಬಿದರೆ ದೂರಕ್ಕೆ ಹೋಗದೆ, ಹತ್ತಿರದಲ್ಲೇ ಇರುವ ಫೈಲ್ ಪುಟಗಳನ್ನು ಎಸೆದು ಜಾಗ ಮಾಡಿಕೊ ಎಂಬ ನಿಯಮ ತಾನಾಗಿಯೇ ಜಾರಿಗೆ ಬರುತ್ತಿತ್ತು. ಕೇಳಲು ಜಾಣತನ. ನಡೆದದ್ದು ಏನೆಂದರೆ, ಅರ್ಧ ರ್‍ಯಾಮ್ ಖಾಲಿ ಬಿದ್ದಿರುವಾಗಲೇ ಡೇಟಾಬೇಸ್ ಡಿಸ್ಕಿಗೆ ಓಡುತ್ತಿತ್ತು. ದೂರದ ರ್‍ಯಾಮ್ ಎಷ್ಟೇ ದೂರವಿದ್ದರೂ ಡಿಸ್ಕಿಗಿಂತ ಹತ್ತಿರ! ದೂರುಗಳು ಸಾಕಷ್ಟು ಜಮೆಯಾದ ಮೇಲೆ ಮೆಲ್ ಗೋರ್ಮನ್ ಎಂಬ ಮೆಮೊರಿ ವಿಭಾಗದ ಹಿರಿಯ ಬರಹಗಾರ ಆ ನಿಯಮ ಡಿಫಾಲ್ಟ್ ಆಗಿ ಜಾರಿಗೆ ಬರದಂತೆ ಬಂದ್ ಮಾಡಿಬಿಟ್ಟರು. ತಿಳಿದವರು ಬೇಕೆಂದರೆ ಹಾಕಿಕೊಳ್ಳಲಿ, ತಿಳಿಯದವರಿಗೆ ತೊಂದರೆಯಾಗದಿರಲಿ ಎಂಬುದು ಆ ಬದಲಾವಣೆಯ ಹಿಂದಿನ ನ್ಯಾಯ. ಡಿಫಾಲ್ಟ್ ಬರೆಯುವ ಕೈಗೆ ಇರಬೇಕಾದ ವಿವೇಕ ಇದು.

ದೊಡ್ಡ ಪುಟಗಳ ವಿಷಯದಲ್ಲಿ ಅಷ್ಟು ವಿವೇಕ ಕಾಣಲಿಲ್ಲ, ಕನಿಷ್ಠ ಶುರುವಿನಲ್ಲಿ. 2011ರ 2.6.38 ಆವೃತ್ತಿಯಲ್ಲಿ ಬಂದ ಸೌಲಭ್ಯ ಇದು: 4 ಕೆಬಿ ಪುಟಗಳ ಬದಲು, ಪ್ರೋಗ್ರಾಂಗೆ ಗೊತ್ತೇ ಆಗದಂತೆ, 2 ಎಂಬಿ ಪುಟಗಳನ್ನು ಕೊಡುವುದು. ದೊಡ್ಡ ಲೆಕ್ಕಾಚಾರದ ಪ್ರೋಗ್ರಾಂಗಳಿಗೆ ವಿಳಾಸ ಹುಡುಕುವ ಶ್ರಮ ಉಳಿದು ಓಟ ಹೆಚ್ಚುತ್ತದೆ. ರೆಡಿಸ್‌ಗೆ ಮಾತ್ರ ಪೆಟ್ಟು: ಫೋರ್ಕ್ ಆದ ಮೇಲೆ ಒಂದು ಬೈಟ್ ಬದಲಿಸಿದರೂ 4 ಕೆಬಿಯ ಬದಲು 2 ಎಂಬಿ ನಕಲಾಗಬೇಕಿತ್ತು, ಎಂದರೆ 512 ಪಟ್ಟು. ‘ಸದಾ’, ‘ಕೇಳಿದವರಿಗೆ ಮಾತ್ರ’, ‘ಬೇಡ’ ಎಂಬ ಮೂರು ಆಯ್ಕೆಗಳಲ್ಲಿ ರೆಡ್ ಹ್ಯಾಟ್ ‘ಸದಾ’ ಹಿಡಿಯಿತು, ಉಬುಂಟು ‘ಕೇಳಿದವರಿಗೆ’ ಹಿಡಿಯಿತು. ದೊಡ್ಡ ಪುಟಕ್ಕಾಗಿ ಮೆಮೊರಿಯನ್ನೆಲ್ಲ ಸರಿಸಾಡಿ ಜಾಗ ಮಾಡುವ ಕೆಲಸವನ್ನು ಪುಟ ಕೇಳಿದ ಗಳಿಗೆಯಲ್ಲೇ ಮಾಡುತ್ತಿದ್ದುದರಿಂದ ಪ್ರೋಗ್ರಾಂಗಳು ನಡುವೆ ತಡವರಿಸುತ್ತಿದ್ದವು. 2016ರಲ್ಲಿ ಆ ಡಿಫಾಲ್ಟ್ ಬದಲಾಯಿತು. ವರ್ಷಗಳ ಕಾಲ ಈ ದೊಡ್ಡ ಪುಟಗಳನ್ನು ಬಂದ್ ಮಾಡಿ ಎನ್ನುತ್ತಿದ್ದ ಮೊಂಗೊಡಿಬಿ ಡೇಟಾಬೇಸ್ ತನ್ನ 8.0 ಆವೃತ್ತಿಯಿಂದ ಹಾಕಿ ಎನ್ನುತ್ತಿದೆ. ಹಳೆಯ ಸಲಹೆಯನ್ನು ಗೋಡೆಗೆ ಅಂಟಿಸಿಕೊಂಡವರ ಪಾಡು ನೆನೆದು ನಗು ಬರುತ್ತದೆ.

ಶೇಕಡಾವಾರು ಲೆಕ್ಕದಲ್ಲಿ ಬರೆದ ಡಿಫಾಲ್ಟ್‌ಗಳಿಗೆ ಬೇರೆಯದೇ ಕಾಯಿಲೆ. ಡಿಸ್ಕಿಗೆ ಇನ್ನೂ ಬರೆಯದ ಪುಟಗಳು ರ್‍ಯಾಮ್‌ನಲ್ಲಿ ಎಷ್ಟು ಜಮೆಯಾಗಬಹುದು ಎಂಬ ಮಿತಿ ಒಂದು ಕಾಲದಲ್ಲಿ ಬಳಸಲು ಸಿಗುವ ಮೆಮೊರಿಯ ಶೇಕಡಾ 40 ಇತ್ತು. 2007ರಲ್ಲಿ 10ಕ್ಕೆ ಇಳಿಯಿತು, 2009ರಲ್ಲಿ 20ಕ್ಕೆ ಏರಿ ಅಲ್ಲೇ ನಿಂತಿತು. 1 ಜಿಬಿ ಯಂತ್ರದಲ್ಲಿ 20 ಎಂದರೆ ಇನ್ನೂರು ಎಂಬಿ, ಸರಿಯೇ. 1 ಟಿಬಿಯ ಸರ್ವರ್‌ನಲ್ಲಿ ಅದು ಸುಮಾರು 200 ಜಿಬಿ. ರ್‍ಯಾಮ್ ಬೆಳೆದ ವೇಗದಲ್ಲಿ ಡಿಸ್ಕ್ ಬೆಳೆಯಲಿಲ್ಲ. ಪೆನ್‌ಡ್ರೈವ್‌ಗೆ ಸಿನಿಮಾ ಕಾಪಿ ಮಾಡಿದಾಗ ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಮುಗಿಯಿತು ಎಂದು ತೋರಿಸಿ, ಆಮೇಲೆ ಹೊರತೆಗೆಯಲು ಹೋದರೆ ನಿಮಿಷಗಟ್ಟಲೆ ಕಾಯಿಸುವ ಲಿನಕ್ಸ್‌ನ ಕುಖ್ಯಾತ ಚಾಳಿಯ ಮೂಲ ಇಲ್ಲಿದೆ. ಮಿತಿ ಇರಬೇಕಾದದ್ದು ರ್‍ಯಾಮ್‌ನ ಪಾಲಿನಲ್ಲಲ್ಲ, ಆ ಸಾಧನ ಇಷ್ಟು ಸೆಕೆಂಡಿನಲ್ಲಿ ಬರೆದು ಮುಗಿಸಬಲ್ಲದು ಎಂಬ ಕಾಲದ ಲೆಕ್ಕದಲ್ಲಿ.

ಚೆನ್ನಾಗಿ ಬರೆದ ಡಿಫಾಲ್ಟ್ ಹೇಗಿರುತ್ತದೆ ಎಂಬುದಕ್ಕೆ ಇದೇ ಕೃತಿಯಲ್ಲಿ ಉದಾಹರಣೆ ಇದೆ. ತುರ್ತಿಗೆಂದು ಕರ್ನೆಲ್ ಸದಾ ಕಾದಿಡುವ ಖಾಲಿ ಮೆಮೊರಿಗೆ ಸ್ಥಿರ ಸಂಖ್ಯೆಯೂ ಇಲ್ಲ, ಶೇಕಡಾವಾರು ಪಾಲೂ ಇಲ್ಲ. ಯಂತ್ರ ಏಳುವಾಗ ರ್‍ಯಾಮ್‌ನ ಕೆಬಿಗಳನ್ನು 16ರಿಂದ ಗುಣಿಸಿ ವರ್ಗಮೂಲ ತೆಗೆಯುತ್ತದೆ. 1 ಜಿಬಿಗೆ 4 ಎಂಬಿ ಬರುತ್ತದೆ, 16 ಜಿಬಿಗೆ 16 ಎಂಬಿ, 64 ಜಿಬಿಗೆ 32 ಎಂಬಿ. ರ್‍ಯಾಮ್ 64 ಪಟ್ಟು ಬೆಳೆದರೆ ಮೀಸಲು 8 ಪಟ್ಟು. ಯಂತ್ರ ದೊಡ್ಡದಾದ ಹಾಗೆ ಅಗತ್ಯವೂ ಬೆಳೆಯುತ್ತದೆ, ಆದರೆ ಅದೇ ವೇಗದಲ್ಲಲ್ಲ ಎಂಬ ತಿಳಿವಳಿಕೆ ಆ ವರ್ಗಮೂಲದಲ್ಲಿದೆ. ದೊಡ್ಡ ಪುಟಗಳ ಸೌಲಭ್ಯ ಚಾಲೂ ಇದ್ದರೆ ಅದಕ್ಕೆ ಬೇಕಾದಷ್ಟು ಮೇಲಕ್ಕೆ ತಿದ್ದಿಕೊಳ್ಳುತ್ತದೆ ಕೂಡ. ಯಾವ ಸರ್ವರ್ ಬಳಗವೂ ಈ ಸಂಖ್ಯೆಯ ಬಗ್ಗೆ ಸ್ವಾಪಿನೆಸ್‌ನಷ್ಟು ಜಗಳ ಆಡಿದ್ದನ್ನು ನಾನು ಕಂಡಿಲ್ಲ.

ಹಾಗಿದ್ದರೆ ಉಳಿದವನ್ನೂ ಹೀಗೆ ಯಾಕೆ ಬರೆಯಬಾರದು? ಅಡ್ಡಿ ಕರ್ನೆಲ್‌ನ ದೊಡ್ಡ ಗುಣದಿಂದಲೇ ಬರುತ್ತದೆ. ನಿನ್ನೆ ಓಡುತ್ತಿದ್ದ ಪ್ರೋಗ್ರಾಂ ಇಂದಿನ ಕರ್ನೆಲ್‌ನಲ್ಲಿ ನಿಲ್ಲಬಾರದು ಎಂಬುದು ಲಿನಸ್ ಟೊರ್ವಾಲ್ಡ್ಸ್ ಕಾಪಾಡಿಕೊಂಡು ಬಂದ ಕಟ್ಟಾಜ್ಞೆ. ಡಿಫಾಲ್ಟ್ ಬದಲಿಸಿದರೆ ಎಲ್ಲೋ ಯಾರದೋ ಕೆಲಸ ನಿಧಾನವಾಗುತ್ತದೆ, ದೂರು ಬರುತ್ತದೆ, ತಿದ್ದುಪಡಿ ಹಿಂದಕ್ಕೆ ಹೋಗುತ್ತದೆ. ಆದ್ದರಿಂದ ಬರೆಯುವವರು ಹೊಸ ಸೆಟ್ಟಿಂಗ್ ಸೇರಿಸುತ್ತಾರೆ, ಹಳೆಯ ಸಂಖ್ಯೆಯನ್ನು ಮುಟ್ಟುವುದಿಲ್ಲ. ಕಂಪೈಲ್ ಮಾಡುವಾಗಿನ ಪ್ರಶ್ನಾವಳಿಯಲ್ಲಿ ‘ಗೊತ್ತಿಲ್ಲದಿದ್ದರೆ ಬೇಡ ಎನ್ನಿ’ ಎಂಬ ಸಾಲು ಮತ್ತೆ ಮತ್ತೆ ಬರುವುದೂ ಇದೇ ಭಯದಿಂದ. ನಿರ್ಧಾರ ಹೀಗೆ ಕೆಳಗೆ ಕೆಳಗೆ ಜಾರುತ್ತದೆ: ಕರ್ನೆಲ್‌ನಿಂದ ವಿತರಣೆಗೆ, ವಿತರಣೆಯಿಂದ ಅದರ ಮೇಲೆ ಕೂತ ಸಾಫ್ಟ್‌ವೇರ್‌ಗೆ. ಕಂಟೇನರ್‌ಗಳನ್ನು ನಡೆಸುವ ಕುಬರ್ನೆಟಿಸ್‌ನ ಕ್ಯೂಬ್‌ಲೆಟ್, ಬೇಡ ಎಂದು ಹೇಳಿರದಿದ್ದರೆ, ತಾನು ಎದ್ದ ಯಂತ್ರದಲ್ಲಿ ಓವರ್‌ಕಮಿಟ್‌ಗೆ 1 ಬರೆದೇ ಮುಂದಿನ ಮಾತು. ಆ ಯಂತ್ರದೊಳಗಿನ ಕಂಟೇನರ್‌ನಲ್ಲಿ ಪೋಸ್ಟ್‌ಗ್ರೆಸ್ ಓಡಿಸುವವರು ಕೈಪಿಡಿ ಓದಿ 2 ಹಾಕಲು ಹೋದರೆ, ಆ ಸೆಟ್ಟಿಂಗ್ ಕಂಟೇನರಿಗೆ ಸೇರಿದ್ದೇ ಅಲ್ಲ, ಇಡೀ ಯಂತ್ರದ್ದು ಎಂದು ಆಗ ತಿಳಿಯುತ್ತದೆ. ಕಂಟೇನರ್‌ಗೆ ಇರುವುದು ಕರ್ನೆಲ್‌ನ ಸಿಗ್ರೂಪ್ ಎಂಬ ಬೇಲಿ. ಆ ಬೇಲಿ ಎಣಿಸುವುದು ನಿಜವಾಗಿ ಬಳಸಿದ ಪುಟಗಳನ್ನು, ಕೊಟ್ಟ ಮಾತನ್ನಲ್ಲ. ದಾಟಿದಾಗ ಅಲ್ಲೂ ನಡೆಯುವುದು ಕೊಲೆಯೇ, ನೆರೆಯವರು ಉಳಿಯುತ್ತಾರೆ ಎಂಬುದಷ್ಟೇ ಸುಧಾರಣೆ. ಅದು ಸಣ್ಣ ಸುಧಾರಣೆಯಲ್ಲ. ಯಾರು ತಿಂದರೋ ಅವರ ಬೇಲಿಯೊಳಗೇ ಬಲಿ ಬೀಳುವಂತೆ ಮಾಡಿದ್ದು ಈ ಮೂವತ್ತು ವರ್ಷಗಳಲ್ಲಿ ಓಓಎಂ ಕಿಲ್ಲರ್‌ಗೆ ಸಿಕ್ಕ ಅತ್ಯುತ್ತಮ ತಿದ್ದುಪಡಿ. ಹಾಗಿದ್ದೂ, ಕೊಟ್ಟ ಮಾತಿಗೇ ಬೇಲಿಯೊಳಗೆ ಮಿತಿ ಹಾಕುವ ಸೆಟ್ಟಿಂಗ್ ಮುಖ್ಯ ಕರ್ನೆಲ್‌ನಲ್ಲಿ ಇಂದಿಗೂ ಇಲ್ಲ.